ಸಣ್ಣ ಕಾಲೇಜುಗಳ ಫುಟ್‌ಬಾಲ್ ಹೈಲೈಟ್ಸ್: ಮಾರಬೇಕೆ, ಬಿಟ್ಟಿ ಕೊಡಬೇಕೆ?

ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕದ್ದು: ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್ಟು, ಒಂದೊಂದು ಕಡೆ ಹನ್ನೊಂದು ಜನ. ಟಿವಿಯಲ್ಲಿ ಕಾಣುವುದು ದೊಡ್ಡ ವಿಶ್ವವಿದ್ಯಾಲಯಗಳ ಆಟ. ಆದರೆ ಸಣ್ಣ ಕಾಲೇಜುಗಳ ದರ್ಜೆಯಾದ ಡಿವಿಷನ್ 3 ಒಂದರಲ್ಲೇ ಇನ್ನೂರಕ್ಕೂ ಹೆಚ್ಚು ಕಾಲೇಜುಗಳು ಪ್ರತಿ ಶರತ್ಕಾಲದಲ್ಲಿ ತಂಡ ಇಳಿಸುತ್ತವೆ. ಅಂಥ ಪಂದ್ಯಗಳ ಹೈಲೈಟ್ಸನ್ನು ಡೌನ್‌ಲೋಡ್ ಫೈಲ್ ಮಾಡಿ ಮಾರಬಹುದೇ? ಪರವಾಗಿ ಒಬ್ಬರ ಮಾತು, ವಿರೋಧವಾಗಿ ಇನ್ನೊಬ್ಬರ ಮಾತು ಇಲ್ಲಿದೆ.

ಪರ: ದುಡ್ಡು ಕೇಳಿ, ಒಳ್ಳೆಯದು ಕೊಡಿ

ದುಡ್ಡು ಬಂದರೆ ಕೆಲಸ ಮುಂದುವರಿಯುತ್ತದೆ, ಬರದಿದ್ದರೆ ನಿಂತುಹೋಗುತ್ತದೆ. ಸಣ್ಣ ಕಾಲೇಜಿನಲ್ಲಿ ಉತ್ಸಾಹಿ ವಿದ್ಯಾರ್ಥಿಯೊಬ್ಬ ಸೆಪ್ಟೆಂಬರಿನಲ್ಲಿ ಶುರುಮಾಡುತ್ತಾನೆ, ಅಕ್ಟೋಬರಿನ ಪರೀಕ್ಷೆ ಬಂದೊಡನೆ ಕೈಬಿಡುತ್ತಾನೆ. ಬಿಟ್ಟಿ ಹೈಲೈಟ್ಸ್ ಸಾಯುವುದು ಹೀಗೆಯೇ.

ಕೋಚ್‌ಗಳ ಹತ್ತಿರ ಫಿಲ್ಮ್ ಇದೆಯಲ್ಲ ಎನ್ನುತ್ತಾರೆ. ಇದೆ. ಒಂದು ಕ್ಯಾಮೆರಾ ಪ್ರೆಸ್ ಬಾಕ್ಸ್ ಮೇಲೆ, ಇನ್ನೊಂದು ಮೈದಾನದ ತುದಿಯ ಎಂಡ್ ಝೋನ್ ಹಿಂದೆ ಎತ್ತರದ ಕಂಬದ ಮೇಲೆ. ಇಪ್ಪತ್ತೆರಡು ಜನರೂ ಕಾಣಲೆಂದು ದೂರದಿಂದ ಹಿಡಿದದ್ದು. ಸದ್ದಿಲ್ಲ, ಬೆನ್ನಿನ ನಂಬರ್ ಓದಲು ಕಣ್ಣು ಕಿರಿದು ಮಾಡಬೇಕು, ನೋಡಲು ಹಡ್ಲ್ ಎಂಬ ಕೋಚಿಂಗ್ ವಿಡಿಯೋ ತಾಣದ ಪಾಸ್‌ವರ್ಡ್ ಬೇಕು. ಅದು ಪಾಠಕ್ಕೆ ಆಗುತ್ತದೆ, ಮನೆಯವರಿಗೆ ಆಗುವುದಿಲ್ಲ.

ಮನೆಯವರಿಗೆ ಬೇಕಾದದ್ದು ಬೇರೆ, ಅದಕ್ಕೆ ಶ್ರಮವೂ ಬೇರೆ. ಎರಡೂ ತಂಡ ಸೇರಿ ಒಂದು ಪಂದ್ಯದಲ್ಲಿ ಸುಮಾರು 140 ಪ್ಲೇ, ಅಂದರೆ ಚೆಂಡು ಆಟಕ್ಕೆ ಬಂದಾಗಿನಿಂದ ಶಿಳ್ಳೆ ಊದುವವರೆಗಿನ ತುಂಡು ಆಟ, ಒಂದೊಂದೂ ಐದಾರು ಸೆಕೆಂಡ್. ಮೂರು ಗಂಟೆಯ ರೆಕಾರ್ಡಿಂಗಿನಲ್ಲಿ ನಿಜವಾದ ಆಟ ಕಾಲು ಗಂಟೆಗೂ ಕಡಿಮೆ. ಅದರಲ್ಲಿ 40 ಪ್ಲೇ ಆರಿಸಿ, ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರುಮಾಡುವ ಗಳಿಗೆಗೆ) ಮೊದಲು ಎರಡು ಸೆಕೆಂಡ್, ಶಿಳ್ಳೆಯ ನಂತರ ಎರಡು ಸೆಕೆಂಡ್ ಉಳಿಸಿದರೆ ಪ್ಲೇಗೆ ಹತ್ತು ಸೆಕೆಂಡಿನಂತೆ 6 ನಿಮಿಷ 40 ಸೆಕೆಂಡಿನ ಫೈಲ್ ಆಗುತ್ತದೆ. ಬೇಕಾದ ಪ್ಲೇಗಾಗಿ ವಿಡಿಯೋ ಎಳೆದಾಡುತ್ತ ಕೂತರೆ ಭಾನುವಾರ ಮುಗಿದುಹೋಗುತ್ತದೆ. ಆಟ ಮುಗಿದ ಮೇಲೆ ಅಂಕಿಅಂಶದವರು ಕೊಡುವ ಪ್ಲೇ-ಬೈ-ಪ್ಲೇ ಹಾಳೆ ಮುಂದಿಟ್ಟುಕೊಳ್ಳಿ. ಆಟದ ಗಡಿಯಾರ ನಿಂತು ನಿಂತು ಓಡುವುದರಿಂದ ಹಾಳೆಯ ಸಮಯಕ್ಕೂ ವಿಡಿಯೋ ಸಮಯಕ್ಕೂ ತಾಳೆಯಾಗುವುದಿಲ್ಲ. ಅದಕ್ಕೇ ಕ್ಯಾಮೆರಾದವರು ಪ್ರತಿ ಪ್ಲೇ ಮುಗಿದೊಡನೆ ಸ್ಕೋರ್‌ಬೋರ್ಡನ್ನು ಎರಡು ಸೆಕೆಂಡ್ ಹಿಡಿಯಬೇಕು. ಇದೊಂದು ಅಭ್ಯಾಸ ಗಂಟೆಗಟ್ಟಲೆ ಕೆಲಸ ಉಳಿಸುತ್ತದೆ.

ಕೆಡುವುದೂ ಗೊತ್ತಿರುವ ಜಾಗಗಳಲ್ಲೇ. ಸೆಕೆಂಡಿಗೆ 30 ಫ್ರೇಮ್ ಇಟ್ಟರೆ ಎಸೆದ ಚೆಂಡು ಮಸುಕು ಗೆರೆಯಾಗುತ್ತದೆ, 60 ಇಡಿ. ಅಲ್ಯೂಮಿನಿಯಂ ಗ್ಯಾಲರಿಯ ಹಲಗೆಯ ಮೇಲೆ ಟ್ರೈಪಾಡ್ ನಿಲ್ಲಿಸಿದರೆ, ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದಾದ ಥರ್ಡ್ ಡೌನ್ ಹೊತ್ತಿಗೆ ಜನ ಕಾಲು ಬಡಿಯುವಾಗ, ಅಂದರೆ ಬೇಕೇಬೇಕಾದ ಪ್ಲೇಯಲ್ಲೇ, ಚಿತ್ರ ಗಡಗಡ ನಡುಗುತ್ತದೆ. ಕಾಲುಗಳು ಕಾಂಕ್ರೀಟಿನ ಮೇಲಿರಲಿ. ಕ್ಯಾಮೆರಾದ ಮೈಕಿನಲ್ಲಿ ಸಿಗುವುದು ಗಾಳಿಯ ಬುಸುಗುಟ್ಟುವಿಕೆ ಮಾತ್ರ. ಕಾಮೆಂಟರಿಯವರ ಮಿಕ್ಸರ್‌ನಿಂದ ಕೇಬಲ್ ಎಳೆದುಕೊಳ್ಳಿ, ಅವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಹಿನ್ನೆಲೆಗೆ ಹಿಟ್ ಹಾಡು ಬೇಡವೇ ಬೇಡ. ಬ್ಯಾಂಡಿನ ಹುಡುಗರು ಮೈದಾನದಲ್ಲಿ ಆ ಹಾಡು ನುಡಿಸಲು ಪಡೆದ ಪರವಾನಗಿ, ಅದನ್ನೇ ವಿಡಿಯೋದಲ್ಲಿ ಸೇರಿಸಿ ಮಾರುವುದಕ್ಕೆ ಅನ್ವಯಿಸುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಚೆಂಡಿನ ಹಿಂದೆಯೇ ಓಡುವ ಕ್ಯಾಮೆರಾ ಎಡ ಗಾರ್ಡನನ್ನು, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವವರಲ್ಲಿ ಒಬ್ಬನನ್ನು, ತೋರಿಸುವುದೇ ಇಲ್ಲ. ನಾಲ್ಕು ವರ್ಷ ಪ್ರತಿ ಶನಿವಾರ ತನ್ನಷ್ಟೇ ದಪ್ಪದ ಎದುರಾಳಿಗೆ ಭುಜ ಕೊಟ್ಟು ದಾರಿ ಬಿಡಿಸಿದವನು ಯಾವ ಹೈಲೈಟಿನಲ್ಲೂ ಇಲ್ಲ. ಅವನ ಅಪ್ಪ ಅಮ್ಮನೂ ಅಷ್ಟೇ ದೂರ ಕಾರು ಓಡಿಸಿಕೊಂಡು ಬರುತ್ತಾರೆ. ಸ್ನ್ಯಾಪ್ ಆಗುವಾಗ ಫ್ರೇಮಿನಲ್ಲಿ ಎಡ ತುದಿಯ ಟ್ಯಾಕಲ್‌ನಿಂದ ಬಲ ತುದಿಯ ಟ್ಯಾಕಲ್‌ವರೆಗೆ ಆ ಸಾಲಿನ ಐವರೂ ಇರಲಿ, ಚೆಂಡು ಕೈ ಬದಲಾದ ಮೇಲೆ ಹಿಂಬಾಲಿಸಿ. ಈ ಸಾಲಿನವರಿಗೆ, ಅಂದರೆ ಲೈನ್‌ಮೆನ್‌ಗಳಿಗೆಂದೇ, ಎರಡನೇ ಫೈಲ್ ಮಾಡಿ. ಬಿಟ್ಟಿ ಕೆಲಸದಲ್ಲಿ ಇದನ್ನು ಮಾಡುವವರು ಯಾರು? ದುಡ್ಡು ಬಂದರೇ ಇದು ಆಗುವುದು.

ಬೆಲೆ ಐದು ಡಾಲರ್ ಇಡಿ. ಕಾರ್ಡ್ ಪಾವತಿಗೆ ಅಲ್ಲಿ ಸಾಮಾನ್ಯವಾಗಿ ಶೇ. 2.9ರ ಜೊತೆಗೆ 30 ಸೆಂಟ್ ಕತ್ತರಿಸುತ್ತಾರೆ, ಕೈಗೆ 4.55 ಡಾಲರ್ ಬರುತ್ತದೆ. ಒಂದು ಡಾಲರಿಗೆ ಮಾರಿದರೆ ಮೂರನೇ ಒಂದು ಪಾಲು ಅಲ್ಲೇ ಹೋಯಿತು. 120 ಪ್ರತಿ ಹೋದರೆ 546 ಡಾಲರ್. ಕ್ಯಾಮೆರಾ ಹಿಡಿದವರಿಗೂ ಎಡಿಟ್ ಮಾಡಿದವರಿಗೂ ಆ ವಾರದ ಕೂಲಿ. ಸೆಕೆಂಡಿಗೆ 8 ಮೆಗಾಬಿಟ್‌ನಂತೆ ಎಂಪಿ4 ಮಾಡಿದರೆ ಫೈಲ್ 400 ಎಂಬಿ, ಫೋನಿಗೂ ಇಳಿಯುತ್ತದೆ. ನಕಲು ತಡೆಯುವ ಬೀಗ ಹಾಕುವ ಗೋಜಿಗೆ ಹೋಗಬೇಡಿ. ಬೀಗ ಹಾಕಿದ ಫೈಲ್ ಅಜ್ಜಿಯ ಟ್ಯಾಬ್ಲೆಟ್ಟಿನಲ್ಲಿ ತೆರೆಯುವುದಿಲ್ಲ, ಮರುದಿನ ದೂರು ಬರುತ್ತದೆ. ಮೂರು ಸಲ ಇಳಿಸಿಕೊಂಡ ಮೇಲೆ ಲಿಂಕ್ ಮುಚ್ಚಿದರೆ ಸಾಕು.

ಬಿಟ್ಟಿ ಕೊಟ್ಟರೆ ಹೊಸ ವಿದ್ಯಾರ್ಥಿಗಳು ಬರುತ್ತಾರೆ ಎಂಬ ವಾದ ಕೇಳಿದ್ದೇನೆ. ಆರೂವರೆ ನಿಮಿಷದ ವಿಡಿಯೋ ನೋಡಿ ಯಾವ ಹುಡುಗನೂ ನಾಲ್ಕು ವರ್ಷದ ಕಾಲೇಜು ಆರಿಸಿಕೊಳ್ಳುವುದಿಲ್ಲ.

ವಿರೋಧ: ಬಾಗಿಲಿಗೆ ಟಿಕೆಟ್ ಬೇಡ

ಬೇಡ ಎನ್ನುವ ಪಕ್ಷ ನನ್ನ ಪಾಲಿಗೆ ಬಂದಿದೆ. ಶ್ರಮಪಟ್ಟು ಮಾಡಿದ್ದಕ್ಕೆ ಬೆಲೆ ಇಡುವುದೇ ತಪ್ಪು ಎಂದು ನಾನು ಹೇಳಲಾರೆ. ಆದರೂ ಒಂದು ಪ್ಲೇಯನ್ನು ನೆನಪಿಸಬೇಕು.

2007ರ ಅಕ್ಟೋಬರ್ 27, ಮಿಸಿಸಿಪಿಯ ಜಾಕ್ಸನ್. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಿಂದ ಬಂದ ಟ್ರಿನಿಟಿ ತಂಡ ಮಿಲ್‌ಸ್ಯಾಪ್ಸ್ ವಿರುದ್ಧ 22–24ರಿಂದ ಹಿಂದಿದೆ. ಎರಡೂ ಡಿವಿಷನ್ 3 ತಂಡಗಳು. ಗಡಿಯಾರದಲ್ಲಿ ಎರಡು ಸೆಕೆಂಡ್, ಹೋಗಬೇಕಾದದ್ದು 61 ಗಜ. ಒಂದು ಪಾಸ್ ಆಯಿತು, ಆಮೇಲೆ ಲ್ಯಾಟರಲ್, ಅಂದರೆ ಪಕ್ಕಕ್ಕೋ ಹಿಂದಕ್ಕೋ ಎಸೆತ, ಮತ್ತೆ ಇನ್ನೊಂದು. ಚೆಂಡು ನೆಲಕ್ಕೆ ಬಿದ್ದು ಪುಟಿದದ್ದನ್ನೂ ಎತ್ತಿಕೊಂಡು ಓಡಿದರು. ಒಟ್ಟು 15 ಲ್ಯಾಟರಲ್, ಗಡಿಯಾರ ಮುಗಿದರೂ ನಿಲ್ಲದೆ ಸುಮಾರು ಒಂದು ನಿಮಿಷ ನಡೆದ ಒಂದೇ ಪ್ಲೇ, ಕೊನೆಗೆ 28–24. ಆ ತುಣುಕು ಅಂತರ್ಜಾಲದಲ್ಲಿ ಹರಿದಾಡಿ ರಾಷ್ಟ್ರೀಯ ಟಿವಿಗೆ ಬಂತು. ಡಿವಿಷನ್ 3ರ ಹೆಸರೇ ಕೇಳದವರೂ ಟ್ರಿನಿಟಿಯ ಹೆಸರು ಹೇಳಿದರು. ದುಡ್ಡು ಕೊಟ್ಟವರಿಗಷ್ಟೇ ಸಿಗುವ ಫೈಲಾಗಿದ್ದರೆ ಅದನ್ನು ನೋಡುತ್ತಿದ್ದವರು ಆ ಹುಡುಗರ ತಂದೆತಾಯಿ ಮಾತ್ರ.

ಐದು ಡಾಲರಿನ ಲೆಕ್ಕ ಹೇಳುವವರು ಡಿವಿಷನ್ 3ರಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವೇ ಇಲ್ಲ ಎಂಬುದನ್ನು ಬದಿಗಿಡುತ್ತಾರೆ. ನೂರು ಹುಡುಗರ ತಂಡವೆಂದರೆ ನೂರು ದಾಖಲಾತಿ. ಫುಟ್‌ಬಾಲ್ ಹೊಸದಾಗಿ ಶುರುಮಾಡಿದ ಸಣ್ಣ ಕಾಲೇಜುಗಳು ಅನೇಕ ಕಡೆ ಸೀಟು ತುಂಬಿಸಲೆಂದೇ ಶುರುಮಾಡಿವೆ. ಒಬ್ಬನೇ ಒಬ್ಬ ಹೆಚ್ಚಿಗೆ ಸೇರಿದರೆ ಅವನ ಶುಲ್ಕ ಇಡೀ ಸೀಸನ್ನಿನ ಮಾರಾಟವನ್ನು ಮೀರುತ್ತದೆ.

ಹಕ್ಕಿನ ಗಂಟೂ ಇದೆ. ಹಲವು ಕಾನ್ಫರೆನ್ಸ್‌ಗಳು, ಅಂದರೆ ಕಾಲೇಜುಗಳ ಲೀಗ್‌ಗಳು, ಪ್ರಸಾರದ ಹಕ್ಕನ್ನು ಫ್ಲೋಸ್ಪೋರ್ಟ್ಸ್, ಇಎಸ್‌ಪಿಎನ್‌ನಂಥ ಪ್ರಸಾರ ಕಂಪನಿಗಳಿಗೆ ಕೊಟ್ಟುಬಿಟ್ಟಿವೆ. ತುಣುಕನ್ನು ಹಂಚಲು ಬಿಡುವ ಒಪ್ಪಂದ ಮಾರಲು ಬಿಡುತ್ತದೆ ಎಂದೇನಿಲ್ಲ. ಬೇರೆಯವರ ಮೈದಾನದಲ್ಲಿ ಆಡಿದ ಪಂದ್ಯಕ್ಕೆ ಆತಿಥೇಯರನ್ನೂ ಕೇಳಬೇಕು. ಆಟಗಾರರು ತಮ್ಮ ಹೆಸರು, ಮುಖದಿಂದ ಗಳಿಸಲು 2021ರ ಜುಲೈ 1ರಿಂದ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ಬಿಟ್ಟಿದೆ. ಒಬ್ಬನ ಹೆಸರಿನಲ್ಲೇ ಫೈಲ್ ಮಾರುವಾಗ ಅವನ ಸಹಿಯೂ ಪಾಲೂ ಇರಬೇಡವೇ? ಐದು ಡಾಲರನ್ನು ಎಷ್ಟು ಜನಕ್ಕೆ ಹಂಚುತ್ತೀರಿ?

ದುಡ್ಡು ಬೇಕೇಬೇಕು ಎಂದಾದರೆ ಹೈಲೈಟ್ಸನ್ನು ಭಾನುವಾರ ರಾತ್ರಿಯೊಳಗೆ ಎಲ್ಲರಿಗೂ ಬಿಡಲಿ. ಹತ್ತು ಪಂದ್ಯಗಳ ಪೂರ್ತಿ ರೆಕಾರ್ಡಿಂಗನ್ನು ನವೆಂಬರಿನಲ್ಲಿ ಸೀಸನ್ ಮುಗಿದ ಮೇಲೆ, ಹಕ್ಕಿನ ಕಾಗದ ಸರಿಯಾಗಿದ್ದರೆ, ಮಾರಲಿ. ಎಡ ಗಾರ್ಡ್ ಅದರಲ್ಲಿ ಪ್ರತಿ ಪ್ಲೇಯಲ್ಲೂ ಇರುತ್ತಾನೆ.