ಅಗ್ನಿಶಾಮಕ ಹುದ್ದೆಗೆ ಅರ್ಜಿ ಹಾಕುವ ಮುನ್ನ

ಧಾರವಾಡದ ಸಪ್ತಾಪುರದ ಕಡೆ ಸಂಜೆ ಹೊತ್ತು ಹೋದರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಚಹಾದಂಗಡಿಯ ಮುಂದೆ ನಿಂತು ಯಾವ ಇಲಾಖೆಯಲ್ಲಿ ಎಷ್ಟು ಹುದ್ದೆ ಕರೆಯಬಹುದು ಎಂದು ಚರ್ಚಿಸುವುದು ಕಿವಿಗೆ ಬೀಳುತ್ತದೆ. ಪೊಲೀಸ್ ಕಾನ್‌ಸ್ಟೆಬಲ್, ಎಫ್‌ಡಿಎ, ಎಸ್‌ಡಿಎ ಎಂದು ಸಾಗುವ ಆ ಮಾತಿನ ಕೊನೆಯಲ್ಲೆಲ್ಲೋ ಅಗ್ನಿಶಾಮಕ ಹುದ್ದೆಯ ಹೆಸರು ಬರುತ್ತದೆ. ಅದೂ ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು, ಓಟದಲ್ಲಿ ಪಾಸಾದರೆ ಕೆಲಸ ಸಿಕ್ಕಂತೆಯೇ ಎಂಬ ಲೆಕ್ಕದಲ್ಲಿ. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಬಳಿ ಸಲಹೆ ಕೇಳಿ ಬರುವವರಿಗೆ ನಾನು ಹೇಳುವುದಿಷ್ಟೆ: ಬೇರೇನೂ ಸಿಗದಿದ್ದಾಗ ಇರಲಿ ಎಂದು ಈ ಕೆಲಸಕ್ಕೆ ಸೇರಬೇಡಿ. ಅದು ಏನನ್ನು ಬೇಡುತ್ತದೆ ಎಂದು ತಿಳಿದು, ಬೇಕೆಂದೇ ಸೇರಿ.

ಇದು ಬೆಂಕಿ ಆರಿಸುವ ಕೆಲಸವಷ್ಟೇ ಅಲ್ಲ. ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲಿಯೇ ‘ಅಗ್ನಿಶಾಮಕ ಮತ್ತು ತುರ್ತು ಸೇವೆಗಳು’ ಎಂದಿದೆ. ಬಾವಿಗೆ ಬಿದ್ದ ಆಕಳನ್ನು ಮೇಲೆತ್ತುವವರು, ಕೆರೆಯಲ್ಲಿ ಮುಳುಗಿದವರ ಶವ ಹುಡುಕುವವರು, ಅಪಘಾತದಲ್ಲಿ ನಜ್ಜುಗುಜ್ಜಾದ ಲಾರಿಯ ಕ್ಯಾಬಿನ್ ಕತ್ತರಿಸಿ ಚಾಲಕನನ್ನು ಹೊರತೆಗೆಯುವವರು ಇವರೇ. 2019ರ ಮಾರ್ಚ್ 19ರಂದು ನಮ್ಮೂರಿನ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ತೀರಿಕೊಂಡಾಗ, ಅಗ್ನಿಶಾಮಕ ಸಿಬ್ಬಂದಿ ಎನ್‌ಡಿಆರ್‌ಎಫ್‌ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ತಂಡಗಳ ಜೊತೆ ಹಗಲು ರಾತ್ರಿ ಅವಶೇಷಗಳ ನಡುವೆ ದುಡಿದರು. ಎರಡು ದಿನ ಕಳೆದ ಮೇಲೂ ಅಲ್ಲಿಂದ ಜೀವಂತವಾಗಿ ಹೊರಬಂದವರಿದ್ದಾರೆ.

ಹೊರಗಿನವರು ಈ ಕೆಲಸವನ್ನು ಧೈರ್ಯದ ಕೆಲಸ ಎನ್ನುತ್ತಾರೆ. ನನಗೆ ಅದು ಶಿಸ್ತಿನ ಕೆಲಸವಾಗಿ ಕಾಣುತ್ತದೆ. ದಳದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಬಿಎ ಸೆಟ್ ತೋರಿಸಿದ್ದ. ಹೊಗೆಯೊಳಗೆ ಹೋಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರ್ ಮತ್ತು ಮುಖವಾಡ ಅದು. ಸಿಲಿಂಡರ್ ತುಂಬಿದಾಗ ಒತ್ತಡ ಸುಮಾರು 300 ಬಾರ್ ಇರುತ್ತದೆ, 50ರ ಆಸುಪಾಸಿಗೆ ಇಳಿದಾಗ ಎಚ್ಚರಿಕೆಯ ಸೀಟಿ ಹೊಡೆಯುತ್ತದೆ. ಆದರೆ ಸೀಟಿ ಹೊಡೆಯುವವರೆಗೆ ಒಳಗಿರುವವನು ತಿಳಿದವನಲ್ಲ, ಹಿಂದಿರುಗುವ ದಾರಿಗೆ ಬೇಕಾಗುವ ಗಾಳಿಯನ್ನು ಒಳಗೆ ಹೋಗುವಾಗಲೇ ಲೆಕ್ಕ ಹಾಕಿರಬೇಕು ಎಂದು ಅವನು ವಿವರಿಸಿದ. ಕಣ್ಣು ಕಾಣದ ಹೊಗೆಯಲ್ಲಿ ಗೋಡೆಯನ್ನು ಅಂಗೈಯಿಂದ ತಡವುವಂತಿಲ್ಲವಂತೆ. ಹಿಂಗೈಯಿಂದ ಮುಟ್ಟುತ್ತಾ ಸಾಗಬೇಕು. ಎಲ್ಲಾದರೂ ವಿದ್ಯುತ್ ಹರಿಯುತ್ತಿದ್ದರೆ ಅಂಗೈ ತಂತಿಯನ್ನು ಬಿಗಿಯಾಗಿ ಹಿಡಿದುಬಿಡುತ್ತದೆ, ಹಿಂಗೈ ಆದರೆ ದೂರ ಸರಿಯುತ್ತದೆ. ಇಂಥ ಸಣ್ಣ ಸಣ್ಣ ಅಭ್ಯಾಸಗಳನ್ನು ಮೈಗೂಡಿಸಿಕೊಳ್ಳುವ ತಾಳ್ಮೆ ಇಲ್ಲದವನಿಗೆ ಎದೆಗಾರಿಕೆ ಎಷ್ಟಿದ್ದರೂ ಪ್ರಯೋಜನವಿಲ್ಲ.

ಇನ್ನು, ನೇಮಕಾತಿ ಅಧಿಸೂಚನೆಯಲ್ಲಿ ಯಾರೂ ಬರೆಯದ ಸಂಗತಿಯೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರಲ್ಲಿ ಅಗ್ನಿಶಾಮಕ ವೃತ್ತಿಯಲ್ಲಿ ಮೈಗೆ ತಾಗುವ ವಿಷಗಳನ್ನು, ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದ ಒಂದನೇ ಗುಂಪಿಗೆ ಸೇರಿಸಿತು. ಪ್ಲಾಸ್ಟಿಕ್, ಫೋಮ್, ರಾಸಾಯನಿಕಗಳು ಉರಿದಾಗ ಏಳುವ ಮಸಿ ಉಸಿರಿನಿಂದ ಮಾತ್ರವಲ್ಲ, ಚರ್ಮದಿಂದಲೂ ದೇಹ ಸೇರುತ್ತದೆ. ಆದ್ದರಿಂದ ಮಸಿಯಾದ ಸಮವಸ್ತ್ರವನ್ನು ಮನೆಗೆ ಒಯ್ದು ಮಕ್ಕಳ ಬಟ್ಟೆಯ ಜೊತೆ ಒಗೆಯುವ ಪರಿಸ್ಥಿತಿ ಯಾವ ಸಿಬ್ಬಂದಿಗೂ ಬರಬಾರದು, ಪ್ರತಿಯೊಬ್ಬರಿಗೂ ಬದಲಿ ರಕ್ಷಣಾ ಉಡುಪು ಮತ್ತು ವರ್ಷಕ್ಕೊಮ್ಮೆ ಪೂರ್ಣ ಆರೋಗ್ಯ ತಪಾಸಣೆ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮನಸ್ಸಿನ ಭಾರವೂ ಇದೆ. 2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿ ದುರಂತದಲ್ಲಿ 9 ಮಂದಿ ಸತ್ತರು. ಹೊಗೆ ತಾಳಲಾರದೆ ಮೇಲಿನಿಂದ ಜಿಗಿದವರನ್ನು ಎದುರಿಗೇ ನೋಡಿದ ಸಿಬ್ಬಂದಿ ಅದನ್ನು ಯಾರ ಬಳಿ ಹೇಳಿಕೊಳ್ಳಬೇಕು? ಮನೆಯವರೆಲ್ಲ ಒಟ್ಟಿಗೆ ಸೇರುವ ದೀಪಾವಳಿ ಇವರಿಗೆ ಅತಿ ಹೆಚ್ಚು ಕರೆ ಬರುವ ಹಬ್ಬ ಎಂಬುದನ್ನೂ ಮದುವೆಯ ಮಾತುಕತೆಗೆ ಮುಂಚೆಯೇ ಹೇಳಿಬಿಡುವುದು ಒಳ್ಳೆಯದು.

ಇಷ್ಟೆಲ್ಲ ತಿಳಿದ ಮೇಲೂ ಮನಸ್ಸು ಇದರ ಕಡೆಗೇ ವಾಲಿದರೆ ದಾರಿಗಳು ಒಂದೆರಡಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯಾದ ಸಿಐಎಸ್‌ಎಫ್‌ನ ಅಗ್ನಿಶಾಮಕ ವಿಭಾಗಕ್ಕೆ ಪ್ರಯತ್ನಿಸಬಹುದು. ವಿಮಾನ ನಿಲ್ದಾಣಗಳು ಮತ್ತು ತೈಲ ಸಂಸ್ಕರಣಾ ಘಟಕಗಳು ತಮ್ಮದೇ ದಳ ಇಟ್ಟುಕೊಂಡಿರುತ್ತವೆ. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನಲ್ಲಿ ಫೈರ್ ಎಂಜಿನಿಯರಿಂಗ್ ಪದವಿಯೇ ಇದೆ. 2002ರಲ್ಲಿ ಹರ್ಷಿಣಿ ಕನ್ಹೇಕರ್ ಅಲ್ಲಿಗೆ ಸೇರಿದ ಮೊದಲ ಮಹಿಳೆಯಾದರು, ಹಾಗಾಗಿ ಇದು ಗಂಡುಮಕ್ಕಳ ಕೆಲಸ ಎನ್ನುವ ತಂದೆ ತಾಯಂದಿರ ಮಾತಿಗೆ ಈಗ ಆಧಾರವಿಲ್ಲ. ಆದರೆ ‘ಫೈರ್ ಅಂಡ್ ಸೇಫ್ಟಿ ಡಿಪ್ಲೊಮಾ ಮಾಡಿ, ಕೆಲಸ ಗ್ಯಾರಂಟಿ’ ಎಂದು ಕಂಬಗಳಿಗೆ ಅಂಟಿಸಿದ ಜಾಹೀರಾತು ನೋಡಿ ಹಣ ಕಟ್ಟಬೇಡಿ. ಆ ಪ್ರಮಾಣಪತ್ರಕ್ಕೆ ಯಾವ ಸರ್ಕಾರಿ ಮಾನ್ಯತೆ ಇದೆ, ನಿಮಗೆ ಬೇಕಾದ ಹುದ್ದೆಗೆ ಅದು ನಡೆಯುತ್ತದೆಯೇ ಎಂಬುದನ್ನು ಮೊದಲು ಬರಹದಲ್ಲಿ ಕೇಳಿ ಪಡೆಯಿರಿ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಸ್ಫೋಟಕ ತುಂಬಿದ್ದ ಫೋರ್ಟ್ ಸ್ಟಿಕಿನ್ ಹಡಗಿನ ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅವರ ನೆನಪಿಗೆ ಪ್ರತಿ ವರ್ಷ ಅದೇ ದಿನದಿಂದ 20ರವರೆಗೆ ಸೇವಾ ಸಪ್ತಾಹ ನಡೆಯುತ್ತದೆ. ಆಸಕ್ತಿ ಇರುವ ಹುಡುಗ ಹುಡುಗಿಯರು ಆ ವಾರದಲ್ಲಿ ಹತ್ತಿರದ ಅಗ್ನಿಶಾಮಕ ಠಾಣೆಗೆ ಹೋಗಿ ಅಣಕು ಪ್ರದರ್ಶನವನ್ನಷ್ಟೇ ನೋಡಿ ಬರಬೇಡಿ; ಕೆಲಸದ ಪಾಳಿ ಹೇಗೆ, ರಜೆ ಯಾವಾಗ ಸಿಗುತ್ತದೆ, ಗಾಯಗೊಂಡಾಗ ಆಸ್ಪತ್ರೆಯ ಖರ್ಚು ಯಾರು ನೋಡುತ್ತಾರೆ ಎಂದು ಹಿರಿಯ ಸಿಬ್ಬಂದಿಯನ್ನೇ ಕೂತು ಕೇಳಿ, ಆಮೇಲೆ ಅರ್ಜಿ ತುಂಬಿ.