“ತಿಳೀತೇನ್ರಪಾ?” ಅಂತ ಕೇಳೋದನ್ನ ಮೊದಲು ಬಿಡ್ರಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಯಾವುದೇ ಶಾಲೆಯ ಕಿಟಕಿ ಪಕ್ಕ ಹತ್ತು ನಿಮಿಷ ನಿಂತರೆ ಈ ಎರಡು ಸಾಲು ಕಿವಿಗೆ ಬಿದ್ದೇ ಬೀಳುತ್ತವೆ. “ತಿಳೀತೇನ್ರಪಾ?” “ತಿಳೀತ್ರೀ ಸರ್!” ಎರಡನೇ ಸಾಲಿಗೆ ಒಂದು ರಾಗವೂ ಇದೆ, ಒಂದನೇ ತರಗತಿಯಿಂದ ಹತ್ತರವರೆಗೆ ಅದೇ ರಾಗ. ಬಿ.ಇಡಿ., ಡಿ.ಎಲ್.ಇಡಿ. ಓದುತ್ತಾ ಪಾಠ ಬೋಧನೆಗೆ, ಇಂಟರ್ನ್‌ಶಿಪ್‌ಗೆ ಶಾಲೆಗೆ ಹೊರಟಿರುವ ತಮ್ಮ ತಂಗಿಯರ ಹತ್ತಿರ ನನ್ನದು ಒಂದೇ ತಕರಾರು. ಆ ಪ್ರಶ್ನೆಯಿಂದ ನಿಮಗೆ ಎಳ್ಳಷ್ಟೂ ಸುದ್ದಿ ಸಿಗೋದಿಲ್ಲ. ಎರಡು ವರ್ಷ ಓದಿದ ಶೈಕ್ಷಣಿಕ ಮನೋವಿಜ್ಞಾನ ಈ ಒಂದು ಚಾಳಿಯನ್ನೂ ಬಿಡಿಸಲಿಲ್ಲ ಅಂದರೆ ಅದನ್ನು ಓದಿದ್ದು ಟಿಇಟಿಯ (ಶಿಕ್ಷಕರ ಅರ್ಹತಾ ಪರೀಕ್ಷೆಯ) 30 ಅಂಕಕ್ಕೆ ಅಷ್ಟೇ.

“ತಿಳೀತು” ಅನ್ನುವ ಮಗು ಸುಳ್ಳು ಹೇಳುತ್ತಿಲ್ಲ. ಅದಕ್ಕೆ ನಿಜಕ್ಕೂ ಹಾಗೇ ಅನ್ನಿಸುತ್ತಿರುತ್ತದೆ. ನೀವು ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಪ್ರತಿ ಸಾಲೂ ಸಲೀಸಾಗಿ ಕಾಣುತ್ತದೆ, ಕಂಡಿದ್ದು ಪರಿಚಯವಾಗುತ್ತದೆ, ಪರಿಚಯವಾದದ್ದು ಬಂದೇಬಿಟ್ಟಿತು ಅನ್ನಿಸುತ್ತದೆ. ದೊಡ್ಡವರಿಗೂ ಇದೇ ಮೋಸ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ನಿಮ್ಮ ಪುಸ್ತಕದಲ್ಲಿ ಇಲ್ಲದಿದ್ದರೆ ಇಲ್ಲೇ ಓದಿಕೊಳ್ಳಿ. ಒಂದು ಗುಂಪು ಪಾಠವನ್ನು ನಾಲ್ಕು ಸುತ್ತು ಓದಿತು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಹಾಳೆ ಮುಚ್ಚಿ, ಮೂರು ಸುತ್ತು ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದರೆ ಓದಿದವರೇ ಮುಂದೆ, ನೂರಕ್ಕೆ 83. ಬರೆದವರು 71. ಒಂದು ವಾರ ಬಿಟ್ಟು ಮಾಡಿದ ಪರೀಕ್ಷೆಯಲ್ಲಿ ಓದಿದವರು 40ಕ್ಕೆ ಇಳಿದರು, ಬರೆದವರು 61ಕ್ಕೆ ನಿಂತರು. “ನಮಗೆ ಚೆನ್ನಾಗಿ ನೆನಪಿರುತ್ತದೆ” ಅಂತ ಹೆಚ್ಚು ಧೈರ್ಯವಾಗಿ ಹೇಳಿದ್ದವರು ನಾಲ್ಕು ಸುತ್ತು ಓದಿದವರೇ! ಕಾಲೇಜು ಓದುವವರಿಗೇ ತಮ್ಮ ತಿಳಿವಳಿಕೆಯ ಅಂದಾಜು ಇಷ್ಟು ತಪ್ಪುತ್ತದೆ ಅಂದರೆ ಹತ್ತು ವರ್ಷದ ಕೂಸನ್ನು “ತಿಳೀತೇನಪಾ” ಅಂತ ಕೇಳಿ ಏನು ಪ್ರಯೋಜನ?

ಹಾಗಾದರೆ ಏನು ಕೇಳಬೇಕು? ಆರನೇ ತರಗತಿಯ ದಶಮಾಂಶ ತೆಗೆದುಕೊಳ್ಳಿ. ಬೋರ್ಡಿನ ಮೇಲೆ ಮೂರೇ ಸಂಖ್ಯೆ ಬರೆಯಿರಿ: 0.8, 0.35, 0.425. “ಇದರಾಗ ದೊಡ್ಡದು ಯಾವುದು?” ಅಂತ ಕೇಳಿದರೆ ಒಂದು ತಪ್ಪು ಸಿಕ್ಕಿಬೀಳುತ್ತದೆ, ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ಬಿಂದುವಿನ ಆಚೆಗಿನದನ್ನು ಪೂರ್ಣ ಸಂಖ್ಯೆಯ ಹಾಗೆ ಓದುವ ಮಗು 425 ದೊಡ್ಡದಲ್ವಾ ಅಂತ 0.425 ಅನ್ನುತ್ತದೆ. ಆದರೆ “ಹತ್ತನೇ ಭಾಗ ದೊಡ್ಡದು, ಸಾವಿರದ ಭಾಗ ಚಿಕ್ಕದು, ಅದಕ್ಕೆ ಅಂಕಿ ಕಡಿಮೆ ಇದ್ದರೆ ಸಂಖ್ಯೆ ದೊಡ್ಡದು” ಅಂತ ಅರ್ಧ ಪಾಠ ನೆನಪಿಟ್ಟ ಮಗು 0.8 ಅನ್ನುತ್ತದೆ. ಉತ್ತರ ಸರಿ, ದಾರಿ ತಪ್ಪು. ನೀವು ಶಹಬ್ಬಾಸ್ ಅಂದು ಮುಂದೆ ಹೋಗುತ್ತೀರಿ. ಅದೇ “ಚಿಕ್ಕದು ಯಾವುದು?” ಅಂತ ಕೇಳಿ ನೋಡಿ. ಮೊದಲನೇ ತಪ್ಪಿನವರು 0.8 ಅನ್ನುತ್ತಾರೆ, ಎರಡನೆಯವರು 0.425 ಅನ್ನುತ್ತಾರೆ, ತಿಳಿದವರು 0.35 ಅನ್ನುತ್ತಾರೆ. ಬದಲಾಗಿದ್ದು ಒಂದೇ ಪದ, ತರಗತಿ ಮೂರು ಗುಂಪಾಗಿ ಕಣ್ಣಿಗೆ ಕಾಣುತ್ತದೆ.

ಒಳ್ಳೆಯ ಪ್ರಶ್ನೆಯ ಗುಟ್ಟು ಸರಿ ಉತ್ತರದಲ್ಲಿ ಇರೋದಿಲ್ಲ, ತಪ್ಪು ಉತ್ತರಗಳಲ್ಲಿ ಇರುತ್ತದೆ. ಪ್ರತಿ ತಪ್ಪು ಆಯ್ಕೆಯ ಹಿಂದೆ ಮಗುವಿನ ಒಂದು ತರ್ಕ ಇರಬೇಕು. ಸುಮ್ಮನೆ ಭರ್ತಿಗೆ ಹಾಕಿದ ಆಯ್ಕೆ ಯಾರೂ ಮುಟ್ಟದ ಉಪ್ಪಿನಕಾಯಿ ಇದ್ದಂಗೆ, ತಟ್ಟೆಯಲ್ಲಿ ಜಾಗ ಹಿಡಿಯುತ್ತದೆ ಅಷ್ಟೇ.

ಮೊದಲ ತಪ್ಪಿಗೆ ಅರ್ಧ ಕಾರಣ ನಾವೇ. “ಸೊನ್ನೆ ಪಾಯಿಂಟ್ ಮೂವತ್ತೈದು” ಅಂತ ಓದಿಸುತ್ತೇವೆ. “ಸೊನ್ನೆ ಪಾಯಿಂಟ್ ಮೂರು ಐದು” ಅಂತ ಓದಿಸಿ. ಸರಿಪಡಿಸುವಾಗ 0.800, 0.350 ಅಂತ ಸೊನ್ನೆ ಹಚ್ಚಿ ಹೋಲಿಸುವ ಉಪಾಯ ಮೊದಲೇ ಕೊಡಬೇಡಿ. ಅದರಿಂದ ಉತ್ತರ ಬರುತ್ತದೆ, ಪೂರ್ಣ ಸಂಖ್ಯೆಯ ಭ್ರಮೆ ಮಾತ್ರ ಒಳಗೇ ಗಟ್ಟಿಯಾಗುತ್ತದೆ. ಟೇಪ್ ಹಿಡಿಯಿರಿ. 0.8 ಮೀಟರ್ ಅಂದರೆ 80 ಸೆಂಟಿಮೀಟರ್, 0.35 ಅಂದರೆ 35, 0.425 ಅಂದರೆ ನಲವತ್ತೆರಡೂವರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳ ಮಕ್ಕಳಿಗೆ ಟೇಪ್ ಏನೆಂದು ನೀವು ಹೇಳಿಕೊಡಬೇಕಾಗಿಲ್ಲ.

ಉತ್ತರ ಪಡೆಯುವ ರೀತಿಯಲ್ಲೂ ಎಡವುತ್ತೇವೆ. ಕೈ ಎತ್ತಿಸಿದರೆ ಮುಂದಿನ ಬೆಂಚಿನ ಐವರ ಕೈ. ಉಳಿದ ಮೂವತ್ತೈದು ಮಂದಿ ಆ ಐವರ ಪಾಠ ನೋಡುತ್ತಾ ಕೂರುತ್ತಾರೆ. ಅದರ ಬದಲು ಮೊದಲ ಉತ್ತರಕ್ಕೆ ಒಂದು ಬೆರಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು ಅಂತ ಮಾಡಿ. ಹತ್ತು ಸೆಕೆಂಡ್ ಯೋಚನೆ, ಮುಷ್ಟಿ ಎದೆಗೆ, ನೀವು “ತೋರಿಸ್ರಿ” ಅಂದಾಗ ಎಲ್ಲರೂ ಒಮ್ಮೆಲೇ. ಕೈ ತಲೆಯ ಮೇಲೆ ಎತ್ತಿಸಬೇಡಿ, ಹಿಂದಿನವರು ನೋಡಿ ಬೆರಳು ಬದಲಾಯಿಸುತ್ತಾರೆ. ಹಳೆಯ ಪಾಟಿ ಇದ್ದರೆ ಇನ್ನೂ ಒಳ್ಳೆಯದು, ಬರೆದದ್ದನ್ನು ಬೆರಳಿನಷ್ಟು ಸುಲಭವಾಗಿ ಬದಲಾಯಿಸಲು ಬರೋದಿಲ್ಲ. ಹಾರ್ವರ್ಡ್‌ನಲ್ಲಿ ಭೌತವಿಜ್ಞಾನ ಕಲಿಸುವ ಎರಿಕ್ ಮಜೂರ್ 1990ರ ದಶಕದಿಂದ ಬಳಸುತ್ತಾ ಬಂದ ಲೆಕ್ಕ ನಮ್ಮ ತರಗತಿಗೂ ಒಗ್ಗುತ್ತದೆ. ನಲವತ್ತರಲ್ಲಿ 28ಕ್ಕಿಂತ ಹೆಚ್ಚು ಸರಿ ಇದ್ದರೆ ಮುಂದೆ ಹೋಗಿ, ಉಳಿದವರನ್ನು ಬೇರೆ ಕೂರಿಸಿ. 12ಕ್ಕಿಂತ ಕಡಿಮೆ ಇದ್ದರೆ ಬೇರೆ ಸಾಮಗ್ರಿ ಹಿಡಿದು ಮತ್ತೆ ಹೇಳಿ, ಅದೇ ಮಾತನ್ನು ಗಟ್ಟಿ ದನಿಯಲ್ಲಿ ಹೇಳುವುದು ಮರುಬೋಧನೆ ಅಲ್ಲ. ನಡುವೆ ಇದ್ದರೆ ಸರಿ ಉತ್ತರ ಬಾಯಿ ಬಿಡದೆ, ಬೇರೆ ಬೆರಳು ತೋರಿಸಿದವನ ಜೊತೆ ಎರಡು ನಿಮಿಷ ವಾದಿಸಲು ಹೇಳಿ, ಆಮೇಲೆ ಮತ್ತೊಮ್ಮೆ ಬೆರಳು ಕೇಳಿ.

ಕಾಯುವುದು ಎಲ್ಲಕ್ಕಿಂತ ಕಷ್ಟ. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ಅಮೆರಿಕದ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, “ಗೊತ್ತಿಲ್ಲ” ಕಡಿಮೆಯಾಯಿತು, ಎಂದೂ ಬಾಯಿ ಬಿಡದ ಮಕ್ಕಳು ಮಾತಾಡಿದರು. ಮೂರು ಸೆಕೆಂಡ್ ಓದಲು ಸಣ್ಣದು, ಬೋರ್ಡಿನ ಮುಂದೆ ನಿಂತಾಗ ಮೂರು ತಾಸು. ಮನಸ್ಸಿನಲ್ಲಿ ಐದರವರೆಗೆ ಎಣಿಸಿ, ಇಲ್ಲವೇ ಬೋರ್ಡಿನಿಂದ ಕಿಟಕಿಯವರೆಗೆ ನಡೆದು ಬನ್ನಿ. ಕಾಯುವುದು ಎರಡು ಸಲ ಬೇಕು: ಪ್ರಶ್ನೆ ಆದ ಮೇಲೆ ಒಮ್ಮೆ, ಉತ್ತರ ಬಂದ ಮೇಲೆ ಇನ್ನೊಮ್ಮೆ. ಎರಡನೆಯದನ್ನು ನಾವು ಯಾರೂ ಕಾಯೋದೇ ಇಲ್ಲ, ಮಗು ಮೊದಲ ಪದ ಹೇಳುತ್ತಲೇ “ಕರೆಕ್ಟ್” ಅಂದುಬಿಡುತ್ತೇವೆ. ಇನ್ನು, ಹೆಸರು ಕೊನೆಗೆ ಬರಲಿ. “ಮಲ್ಲಮ್ಮ, ನೀನು ಹೇಳು…” ಅಂತ ಶುರು ಮಾಡಿದರೆ ಉಳಿದವರ ಮಿದುಳು ಅಲ್ಲಿಗೇ ವಿಶ್ರಾಂತಿಗೆ ಹೋಯಿತು.

ಎಂಟು, ಒಂಬತ್ತು, ಹತ್ತರಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಹರೆಯದವರಿಗೆ ಸದಾ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಎಲ್ಕಿಂಡ್ 1967ರಲ್ಲಿ ಇದನ್ನು “ಕಾಲ್ಪನಿಕ ಪ್ರೇಕ್ಷಕರು” ಅಂದರು. ಒಂಬತ್ತರ ಹುಡುಗನಿಗೆ ಗೆಳೆಯರ ಮುಂದೆ ತಪ್ಪು ಉತ್ತರ ಹೇಳುವುದಕ್ಕಿಂತ ಸೊಕ್ಕಿನವ ಅನ್ನಿಸಿಕೊಂಡು ಸುಮ್ಮನೆ ನಿಲ್ಲುವುದು ಅಗ್ಗ. ಶಿಕ್ಷಕರಿಗೆ ಅದು ಉಡಾಫೆಯಾಗಿ ಕಾಣುತ್ತದೆ, ಮಾತು ಬೆಳೆಯುತ್ತದೆ, “ಎಮ್ಮಿ ಕಾಯಾಕ ಹೋಗು” ಅನ್ನುವವರೆಗೆ ಮುಟ್ಟುತ್ತದೆ. (2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೈಗುಳ ಹೊಡೆತವಲ್ಲ ಅನ್ನುವ ಸಮಜಾಯಿಷಿ ನಡೆಯೋದಿಲ್ಲ.) ಉಪಾಯ ಸರಳ. ಪ್ರಶ್ನೆ ಕೇಳಿ, ಪಕ್ಕದವರ ಜೊತೆ ಮೂವತ್ತು ಸೆಕೆಂಡ್ ಮಾತಾಡಲು ಬಿಡಿ. ಆಮೇಲೆ “ನಿನ್ನ ಉತ್ತರ ಏನು?” ಅನ್ನಬೇಡಿ, “ನೀವಿಬ್ರೂ ಏನ್ ಮಾತಾಡಿದ್ರಿ?” ಅನ್ನಿ. ತಪ್ಪಾದರೂ ಇಬ್ಬರ ಪಾಲಾಗುತ್ತದೆ. ಮೂವತ್ತು ಸೆಕೆಂಡನ್ನು ಐದು ನಿಮಿಷ ಮಾಡಿದರೆ ಮಾತ್ರ ಕೆಲಸ ಕೆಡುತ್ತದೆ, ಕ್ರಿಕೆಟ್ ಶುರುವಾಗುತ್ತದೆ.

ನಮ್ಮ ಕಡೆಯದೇ ಆದ ಮಾತೊಂದಿದೆ. ಸಿರುಗುಪ್ಪ, ಮಾನ್ವಿ, ಗಂಗಾವತಿ, ಸಿಂಧನೂರು ಕಡೆಯ ಕ್ಯಾಂಪುಗಳ (ಆಂಧ್ರದಿಂದ ಬಂದು ನೆಲೆಸಿದವರ ಊರುಗಳ) ಮಕ್ಕಳ ಮನೆಮಾತು ತೆಲುಗು. ತಾಂಡಾಗಳಲ್ಲಿ ಲಂಬಾಣಿ, ಎಷ್ಟೋ ಓಣಿಗಳಲ್ಲಿ ಉರ್ದು, ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಬಂಗಾಳಿ. ಈ ಮಕ್ಕಳು ಆಟದ ಬಯಲಲ್ಲಿ ಪಟಪಟ ಕನ್ನಡ ಆಡುತ್ತಾರೆ. ಅದನ್ನು ಕೇಳಿ “ಇವನಿಗೆ ಕನ್ನಡ ಬರುತ್ತೆ, ಓದೋಕೆ ಸೋಮಾರಿತನ” ಅಂತ ತೀರ್ಪು ಕೊಡುತ್ತೇವೆ. ಕೆನಡಾದ ಭಾಷಾ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲೇ ಆಡುವ ಭಾಷೆ, ಪಾಠದ ಭಾಷೆ ಎರಡನ್ನು ಬೇರೆ ಮಾಡಿ ತೋರಿಸಿದರು. ಆಮೇಲೆ ಅವರು ಕೊಟ್ಟ ಅಂದಾಜು ಇದು: ಮಾತಿನ ಭಾಷೆ ಎರಡು ವರ್ಷದ ಆಸುಪಾಸಿನಲ್ಲಿ ಬಂದೀತು, ಪಾಠದ ಭಾಷೆಗೆ ಐದರಿಂದ ಏಳು ವರ್ಷ ಬೇಕು. “ಬಾಷ್ಪೀಕರಣ”, “ಸಮೀಕರಣ”, “ಪ್ರತಿಪಾದಿಸು” ಇವು ಬಯಲಲ್ಲಿ ಸಿಗುವ ಪದಗಳಲ್ಲ. ಹಾಗೆ ನೋಡಿದರೆ ಕನ್ನಡ ಮನೆಮಾತಿನ ಮಕ್ಕಳಿಗೂ ಸಿಗೋದಿಲ್ಲ. ಆ ಮೂವತ್ತು ಸೆಕೆಂಡಿನ ಜೋಡಿ ಮಾತು ಮನೆಭಾಷೆಯಲ್ಲಿ ನಡೆಯಲಿ. ಅರ್ಥ ಮೊದಲು ತೆಲುಗಿನಲ್ಲಿ ಗಟ್ಟಿಯಾದರೆ ಕನ್ನಡ ಪದ ಅದರ ಮೇಲೆ ಕೂರುತ್ತದೆ. ಪಾಠಕ್ಕೆ ಐದು ಹೊಸ ಪದಕ್ಕಿಂತ ಹೆಚ್ಚು ಬೇಡ, ಅವನ್ನು ಬೋರ್ಡಿನ ಬಲ ಮೂಲೆಯಲ್ಲಿ ಬರೆದು ಅವಧಿ ಮುಗಿಯುವವರೆಗೆ ಅಳಿಸಬೇಡಿ.

ಇದನ್ನೆಲ್ಲ ಯಾವುದೋ ದೇಶದ ಸರಕು ಅನ್ನುವವರು ನಲಿ-ಕಲಿ (ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಚಟುವಟಿಕೆ ಪದ್ಧತಿ) ಕೋಣೆಗೆ ಹೋಗಿ ಕೂತು ನೋಡಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಕ್ಕಳು ಕೂರುವ ತಟ್ಟೆಗಳೇ, ಅಂದರೆ ಗುಂಪುಗಳೇ, ಬೇರೆ ಬೇರೆ: ಶಿಕ್ಷಕರ ಪೂರ್ಣ ನೆರವು, ಭಾಗಶಃ ನೆರವು, ಗೆಳೆಯರ ಪೂರ್ಣ ನೆರವು, ಭಾಗಶಃ ನೆರವು, ಸ್ವಕಲಿಕೆ. 1934ರಲ್ಲಿ 37ನೇ ವಯಸ್ಸಿಗೇ ಕ್ಷಯದಿಂದ ತೀರಿಹೋದ ರಷ್ಯಾದ ಮನೋವಿಜ್ಞಾನಿ ವೈಗಾಟ್ಸ್ಕಿ ಹೇಳಿದ ಸಮೀಪದ ವಿಕಾಸ ವಲಯ ಅಂದರೆ ಇದೇ. ಇವತ್ತು ನೆರವಿನಿಂದ ಮಾಡಿದ್ದನ್ನು ನಾಳೆ ತಾನೇ ಮಾಡುವುದು. ಕೆಡುವುದು ಎಲ್ಲಿ ಅಂದರೆ, ಮಗು ಮೂರು ವಾರದಿಂದ ಒಂದೇ ತಟ್ಟೆಯಲ್ಲಿ ಕೂತಿದ್ದರೂ ಯಾರೂ ಎಬ್ಬಿಸದೆ ಹೋದಾಗ. ನೆರವು ಕೊಡುವುದನ್ನು ಕಲಿತಷ್ಟು ತೆಗೆಯುವುದನ್ನು ನಾವು ಕಲಿತಿಲ್ಲ.

ಮಕ್ಕಳ ಯೋಚನೆ ಹಂತಹಂತವಾಗಿ ಬೆಳೆಯುತ್ತದೆ ಅಂದ ಸ್ವಿಟ್ಜರ್ಲೆಂಡಿನ ಪಿಯಾಜೆಯನ್ನೂ ಹೀಗೇ ಅಪಾರ್ಥ ಮಾಡಿಕೊಂಡಿದ್ದೇವೆ. 11 ತುಂಬಿದ ಮರುದಿನ ಅಮೂರ್ತ ಚಿಂತನೆ ಬಂದುಬಿಡುತ್ತದೆ ಅಂತ ಬಾಯಿಪಾಠ. ಸ್ವತಃ ಪಿಯಾಜೆ 1972ರಲ್ಲಿ, ಅದು 15ರಿಂದ 20ರ ನಡುವೆಯೂ ಬರಬಹುದು, ಒಬ್ಬೊಬ್ಬರಿಗೆ ಒಂದೊಂದು ಕ್ಷೇತ್ರದಲ್ಲಿ ಬರಬಹುದು ಅಂದಿದ್ದರು. ಹಾಗಾಗಿ ಎಂಟನೇ ತರಗತಿಗೆ ಬೀಜಗಣಿತ ಹೇಳುವಾಗ ಕಡ್ಡಿ, ತಕ್ಕಡಿ ಹಿಡಿದರೆ ಅದು ಚಿಕ್ಕ ಮಕ್ಕಳ ಆಟ ಅಲ್ಲ. (ದೃಶ್ಯ ಕಲಿಕಾರ್ಥಿ, ಶ್ರವಣ ಕಲಿಕಾರ್ಥಿ ಅಂತ ಮಕ್ಕಳನ್ನು ವಿಂಗಡಿಸುವ ಪಾಠವನ್ನು ಪರೀಕ್ಷೆಗೆ ಬರೆದು ಅಲ್ಲೇ ಬಿಟ್ಟುಬನ್ನಿ. ಹಾಗೆ ವಿಂಗಡಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಅನ್ನೋದಕ್ಕೆ ತಕ್ಕ ಪುರಾವೆ ಇಲ್ಲ ಅಂತ 2008ರಲ್ಲೇ ಅಮೆರಿಕದ ಮನೋವಿಜ್ಞಾನಿ ಪ್ಯಾಶ್ಲರ್ ಅವರ ತಂಡ ಪರಿಶೀಲಿಸಿ ಹೇಳಿದೆ.)

ಅವಧಿಯ ಮೊದಲ ಐದು ನಿಮಿಷದ ಬಗ್ಗೆ ಹೇಳದೆ ಮುಗಿಸಲು ಆಗದು. ಮರೆವನ್ನು ಅಳೆದ ಜರ್ಮನಿಯ ಎಬ್ಬಿಂಗ್‌ಹಾಸ್ 1885ರಲ್ಲಿ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಉರು ಹೊಡೆದು ಅಳೆದಾಗ, ಒಂದು ದಿನದ ನಂತರ ಮತ್ತೆ ಕಲಿಯುವ ಶ್ರಮದಲ್ಲಿ ಉಳಿತಾಯವಾದದ್ದು ಮೂರನೇ ಒಂದು ಭಾಗ ಮಾತ್ರ. ಅರ್ಥವುಳ್ಳ ಪಾಠ ಅಷ್ಟು ಬೇಗ ಹಾರಿಹೋಗದು, ಆದರೆ ದಿಕ್ಕು ಅದೇ. ಪುಸ್ತಕ ಮುಚ್ಚಿಸಿ ನಾಲ್ಕು ಪ್ರಶ್ನೆ ಕೊಡಿ. ನಿನ್ನೆಯದೊಂದು, ಹೋದ ವಾರದ್ದೊಂದು, ಹೋದ ತಿಂಗಳಿನದೊಂದು, ಇವತ್ತಿನ ಪಾಠಕ್ಕೆ ಬೇಕಾದ ಹಳೆಯದೊಂದು. ಮೂರು ನಿಮಿಷ ಬರೆಯಲಿ, ಎರಡು ನಿಮಿಷದಲ್ಲಿ ಉತ್ತರ ಹೇಳಿ ಅವರೇ ತಿದ್ದಿಕೊಳ್ಳಲಿ. ತಿದ್ದುವುದನ್ನು ನಾಳೆಗೆ ಹಾಕಿದರೆ ತಪ್ಪೇ ನೆನಪಾಗಿ ಕೂರುತ್ತದೆ. ಅಂಕ ಹಾಕಬೇಡಿ. ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ನಡುವೆ ಮಾಡುವ ಪರೀಕ್ಷೆಗಳ) ವಹಿಯಲ್ಲಿ ತುಂಬಿಸಲು ಶುರು ಮಾಡಿದ ದಿನದಿಂದಲೇ ಪಕ್ಕದವನದು ನೋಡಿ ಬರೆಯುವುದು ಶುರು. ನಾಲ್ಕರಲ್ಲಿ ಮೂರಾದರೂ ಹೆಚ್ಚಿನವರಿಗೆ ಬರುವಂತಿರಲಿ.

ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕೆ ಹೋದವರು, ಅಪ್ಪ ಅವ್ವನ ಜೊತೆ ಗುಳೆ ಹೋಗಿ ಬಂದವರು ಇದ್ದರೆ ಅವರಿಗೆ ಅದೇ ನಾಲ್ಕು ಪ್ರಶ್ನೆ ಕೊಡಬೇಡಿ. ಕಲಿಯದ್ದನ್ನು ನೆನಪಿಸಿಕೋ ಅಂದಂಗೆ ಆಗುತ್ತದೆ. ಆ ಐದು ನಿಮಿಷ ಅವರು, ನೀವು ಬಿಡಿಸಿಟ್ಟ ಒಂದು ಲೆಕ್ಕವನ್ನು ಸಾಲುಸಾಲಾಗಿ ನೋಡಿ, ಅದರಂಥದ್ದೇ ಇನ್ನೊಂದನ್ನು ಕೊನೆಯ ಸಾಲು ಬಿಟ್ಟು ಕೊಟ್ಟಿದ್ದನ್ನು ಪೂರ್ತಿ ಮಾಡಲಿ. ಮರುದಿನ ಕೊನೆಯ ಎರಡು ಸಾಲು ಬಿಡಿ.

ಇನ್ನು ಕೊನೆಯ ನಾಲ್ಕು ನಿಮಿಷ. “ತಿಳೀತೇನ್ರಪಾ” ಅನ್ನುವ ಜಾಗದಲ್ಲಿ ಅರ್ಧ ಹಾಳೆ ಹರಿದು ಕೊಟ್ಟು ಒಂದೇ ಒಂದು ಪ್ರಶ್ನೆ ಬರೆಸಿ. ವಿವರಿಸುವಾಗ “ಬರ್ಕೊಳ್ರಿ” ಅನ್ನುವ ಅಭ್ಯಾಸ ಇದ್ದರೆ ಅದೂ ಬಿಡಿ. ಏಕಕಾಲಕ್ಕೆ ತಲೆಯಲ್ಲಿ ಹಿಡಿದಿಡಬಹುದಾದದ್ದು ದೊಡ್ಡವರಿಗೇ ಸುಮಾರು ನಾಲ್ಕು ತುಣುಕು, ಮಕ್ಕಳಿಗೆ ಇನ್ನೂ ಕಡಿಮೆ. ಬರೆಯುವಾಗ ನೀವು ಬಾಯಿ ಮುಚ್ಚಿ, ನೀವು ಹೇಳುವಾಗ ಪೆನ್ನು ಕೆಳಗಿರಲಿ. ಚೀಟಿಗಳನ್ನು ಸ್ಟಾಫ್ ರೂಮಿಗೆ ಒಯ್ದು ತಿದ್ದುತ್ತಾ ಕೂರಬೇಡಿ, ಟೀ ಬರುವಷ್ಟರಲ್ಲಿ ಮೂರು ಗುಡ್ಡೆ ಮಾಡಿ. ಬಂದವು, ಲೆಕ್ಕದಲ್ಲಿ ಕೈತಪ್ಪಿದವು, ತರ್ಕವೇ ತಪ್ಪಿದವು. ಮೂರನೇ ಗುಡ್ಡೆಯ ಒಂದು ಚೀಟಿಯನ್ನು ಹೆಸರು ಮುಚ್ಚಿ ನಾಳೆ ಬೋರ್ಡಿನ ಮೇಲೆ ಬರೆಯಿರಿ. ಪಾಠ ಟಿಪ್ಪಣಿಯಲ್ಲಿ ನಾಳೆಯ ಪುಟ ಆಗಲೇ ಬರೆದಿದ್ದರೆ ಅದರ ಮೇಲೆ ಗೆರೆ ಎಳೆಯಿರಿ, ಮಾರ್ಗದರ್ಶಕರು ಕೇಳಿದರೆ ಆ ಗುಡ್ಡೆ ತೋರಿಸಿ.