ಅರ್ಜಿ ಹಾಕದೆ ಬಂದ ಹೆಸರು

ಮಂಗಳೂರು ವಿಮಾನ ನಿಲ್ದಾಣಕ್ಕೆ ತುಳುನಾಡಿನ ಅವಳಿ ವೀರರಾದ ಕೋಟಿ-ಚೆನ್ನಯರ ಹೆಸರಿಡಿ ಎಂಬ ಮನವಿ ಆಗಾಗ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಇಡಲಿ ಮಾರಾಯ್ರೆ, ಬೇಡ ಅಂದವರು ಯಾರು? ಆದರೆ ಅದೇ ಪೇಪರಿನ ಉಳಿದ ಪುಟಗಳನ್ನೂ ಸ್ವಲ್ಪ ತಿರುವಿ ಹಾಕಿ. ಏರ್‌ಪೋರ್ಟಿನ ಶುಲ್ಕದ ಸುದ್ದಿಯಲ್ಲಿ ಅದಾನಿ. ಉಡುಪಿ ಜಿಲ್ಲೆಯ ಯೆಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಸುದ್ದಿಯಲ್ಲಿ ಅದಾನಿ. ಅದೇ ಜಿಲ್ಲೆಗೆ ಪೈಪಿನಲ್ಲಿ ಗ್ಯಾಸ್ ಕೊಡುವ ಗುತ್ತಿಗೆಯೂ ಅವರದ್ದೇ. ಸಿಮೆಂಟ್ ಜಾಹೀರಾತು ಎಸಿಸಿಯದ್ದಿರಲಿ, ಅಂಬುಜಾದ್ದಿರಲಿ, 2022ರಿಂದ ಯಜಮಾನರು ಒಬ್ಬರೇ. ಸಾಕಪ್ಪ ಎಂದು ಕ್ರೀಡಾಪುಟಕ್ಕೆ ಹೋದರೆ ಕಬಡ್ಡಿಯಲ್ಲಿ ಗುಜರಾತ್ ಜೈಂಟ್ಸ್. ಪೇಪರೇ ಬೇಡ ಎಂದು ಟಿವಿ ಹಾಕಿದರೆ ಎನ್‌ಡಿಟಿವಿ.

ಎಣ್ಣೆ ಮಾತ್ರ ತಪ್ಪಿಸಿಕೊಂಡಿತು. ಫಾರ್ಚೂನ್ ಎಣ್ಣೆಯ ಕಂಪನಿ 2025ರಲ್ಲಿ ಅದಾನಿ ಹೆಸರು ಬಿಟ್ಟು ಎಡಬ್ಲ್ಯುಎಲ್ ಎಂದು ಕರೆಸಿಕೊಂಡಿತು. ತೆಂಗಿನೆಣ್ಣೆಯ ನಾಡಿನಲ್ಲಿ ಅದರಿಂದ ನಮಗೇನೂ ದೊಡ್ಡ ನಷ್ಟವಿಲ್ಲ.

ಹೆಸರಿನ ವಿಷಯದಲ್ಲಿ ನಾವು ಬಹಳ ಸೂಕ್ಷ್ಮ ಜನ. ಲೇಡಿಹಿಲ್ ಸರ್ಕಲ್ಲಿಗೆ ಯಾವ ಹೆಸರು ಎಂದು ಎಷ್ಟು ಗದ್ದಲ ಆಯಿತು, ನೆನಪುಂಟಲ್ಲ? ಲೈಟ್‌ಹೌಸ್ ಹಿಲ್ ರಸ್ತೆಯದ್ದಂತೂ ಇನ್ನೊಂದು ಯಕ್ಷಗಾನ. ಒಂದು ಕಡೆ ಕಾಲೇಜಿನವರು, ಇನ್ನೊಂದು ಕಡೆ ವಿಜಯಾ ಬ್ಯಾಂಕಿನ ಅಭಿಮಾನಿಗಳು. ಬ್ಯಾಂಕ್ ಕಟ್ಟಿ ಬೆಳೆಸಿದ ಮುಲ್ಕಿ ಸುಂದರರಾಮ ಶೆಟ್ಟರ ಹೆಸರು ಆ ರಸ್ತೆಗೆ ಬೇಕೇ ಬೇಕು ಎಂದು 2017ರಲ್ಲಿ ಹಟ. ರಸ್ತೆಯ ಜಗಳ ನಡೆದು ಎರಡು ವರ್ಷವೂ ಆಗಿರಲಿಲ್ಲ, 2019ರ ಏಪ್ರಿಲ್ 1ಕ್ಕೆ ಬ್ಯಾಂಕಿನ ಹೆಸರೇ ಹೋಯಿತು. ಬ್ಯಾಂಕ್ ಆಫ್ ಬರೋಡಾದ ಹೊಟ್ಟೆಗೆ. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಹೋಯಿತು, ಕಾರ್ಪೊರೇಷನ್ ಬ್ಯಾಂಕೂ ಹೋಯಿತು. ಎರಡೂ ಉಡುಪಿಯಲ್ಲಿ ಹುಟ್ಟಿದವು. ಸಿಂಡಿಕೇಟ್ ಅಂದರೆ, ಪಿಗ್ಮಿ ಎಂಬ ದಿನದ ಸಣ್ಣ ಉಳಿತಾಯದ ಕಲೆಕ್ಷನ್ನಿನವರು ದಿನಾ ಮನೆ ಬಾಗಿಲಿಗೆ ಬಂದು ಕೊಡುತ್ತಿದ್ದ ಆ ಸಣ್ಣ ರಸೀದಿಯ ಮೇಲಿದ್ದ ಹೆಸರು. ಬೋರ್ಡ್ ಇಳಿಸುವಾಗ ಒಂದಿಷ್ಟು ಜನ ಫೋಟೊ ತೆಗೆದರು, ಫೇಸ್‌ಬುಕ್ಕಿಗೆ ಹಾಕಿದರು, ಮುಗಿಯಿತು.

ಇದೇ ಹೊತ್ತಿಗೆ ಏರ್‌ಪೋರ್ಟ್ ಹರಾಜು. 2019ರ ಫೆಬ್ರುವರಿಯಲ್ಲಿ ಆರು ನಿಲ್ದಾಣ ಹರಾಜಿಗಿಟ್ಟರು, ಆರಕ್ಕೆ ಆರೂ ಒಬ್ಬರ ಪಾಲು. ಒಬ್ಬರಿಗೆ ಎರಡಕ್ಕಿಂತ ಜಾಸ್ತಿ ಕೊಡಬೇಡಿ ಎಂದು ಹಣಕಾಸು ಸಚಿವಾಲಯದವರೇ ಬರೆದಿದ್ದರು. ಬರೆಯುವುದು ಅವರ ಕೆಲಸ, ಬರೆದರು. ಒಬ್ಬ ಪ್ರಯಾಣಿಕನ ಲೆಕ್ಕಕ್ಕೆ ಸರ್ಕಾರಕ್ಕೆ ಇಷ್ಟು ಕೊಡುತ್ತೇವೆ ಎಂದು ಕೂಗಿದ ರೇಟು ನೋಡಿ: ಅಹಮದಾಬಾದಿನವನಿಗೆ 177 ರೂಪಾಯಿ, ಮಂಗಳೂರಿನ ನಮ್ಮ ಬಜ್ಪೆ ನಿಲ್ದಾಣದಲ್ಲಿ ಇಳಿಯುವವನಿಗೆ 115. ಆರರಲ್ಲಿ ನಾವೇ ಅಗ್ಗ. ದುಬೈಗೆ ಹೋಗಿ ಬರುವ ಇಷ್ಟೊಂದು ಜನ ಇದ್ದೂ ಮರ್ಯಾದೆ ಇಷ್ಟೇ! ಕೀ ಕೈಗೆ ಸಿಕ್ಕಿದ್ದು 2020ರ ಅಕ್ಟೋಬರ್ 31ಕ್ಕೆ, 50 ವರ್ಷಕ್ಕೆ. ಬೋರ್ಡಿನಲ್ಲಿ ಅದಾನಿ ಹೆಸರು ಬಂದಾಗ ತಕರಾರು ಎದ್ದು, 2021ರಲ್ಲಿ ಹಳೇ ಬೋರ್ಡ್ ವಾಪಸ್ ಬಂತು. ನಾವು ಗೆದ್ದೆವು. ಬೋರ್ಡ್ ನಮ್ಮದು, ನಿಲ್ದಾಣ ಅವರದ್ದು. ಕೋಟಿ-ಚೆನ್ನಯರ ಅರ್ಜಿಯನ್ನು 2070ಕ್ಕೆ ನವೀಕರಿಸಿದರೆ ಸರಿಯಾದ ಕೌಂಟರಿಗೆ ಕೊಡಬಹುದು.

ಒಂದು ಮಾತು ಒಪ್ಪಲೇಬೇಕು. ಎಲ್ಲವೂ ಕಾಗದದಲ್ಲಿ ಸರಿಯಾಗಿಯೇ ಉಂಟು. ಟೆಂಡರ್ ಉಂಟು, ಸಹಿ ಉಂಟು, ಸೀಲ್ ಉಂಟು. ಇಷ್ಟು ಅಚ್ಚುಕಟ್ಟು ನಮ್ಮ ಪಾಲಿಕೆಯ ಚರಂಡಿ ಕೆಲಸದಲ್ಲಿ ಇದ್ದಿದ್ದರೆ ಜುಲೈಯಲ್ಲಿ ಪಂಪ್‌ವೆಲ್ ದಾಟಬಹುದಿತ್ತು.

ಆದರೆ ಯೆಲ್ಲೂರಿನ ವಿಷಯ ಬಂದಾಗ ತಮಾಷೆ ಬರುವುದಿಲ್ಲ. ಆ ಸ್ಥಾವರ ಮೊದಲು ನಾಗಾರ್ಜುನ, ಆಮೇಲೆ ಲ್ಯಾಂಕೋ, 2015ರಿಂದ ಅದಾನಿ. ಕಂಪನಿಯ ಹೆಸರಿನಲ್ಲಿ ಉಡುಪಿ ಅಂತ ಒಂದು ಪದ ಉಳಿದಿತ್ತು, 2023ರಲ್ಲಿ ಅದಾನಿ ಪವರ್‌ನಲ್ಲಿ ವಿಲೀನವಾಗಿ ಅದೂ ಹೋಯಿತು. ಕರೆಂಟು ಘಟ್ಟ ಹತ್ತಿ ಹಾಸನದ ಕಡೆ ಹೋಗುತ್ತದೆ. ಬೂದಿ ಘಟ್ಟ ಹತ್ತುವುದಿಲ್ಲ. ಬಾವಿ ನೀರು ಉಪ್ಪಾಯಿತು, ಗದ್ದೆ ಹೋಯಿತು, ಮಲ್ಲಿಗೆ ಗಿಡದ ಮೇಲೆ ಬೂದಿ ಬಿತ್ತು ಎಂದು ಆ ಜನ ಎಷ್ಟು ವರ್ಷದಿಂದ ಹೇಳುತ್ತಿದ್ದಾರೆ? ಹಸಿರು ನ್ಯಾಯಮಂಡಳಿ 2022ರಲ್ಲಿ 52 ಕೋಟಿ ದಂಡ ಹಾಕಿತು. ಅದಕ್ಕೂ ಹೋರಾಟಗಾರರು ಚೆನ್ನೈ ತನಕ ಅಲೆಯಬೇಕಾಯಿತು. ಸರ್ಕಲ್ಲಿನ ಹೆಸರಿಗೆ ರಸ್ತೆಗೆ ಇಳಿದವರಲ್ಲಿ ಎಷ್ಟು ಜನ ಪಡುಬಿದ್ರಿಯಲ್ಲಿ ಬಸ್ ಇಳಿದು ಆ ಬಾವಿ ನೋಡಿದ್ದಾರೆ?